ಪಕ್ಕದ ಹೊಲ ಬಡಾವಣೆಯಾಗುವಾಗ ಆಕ್ಷೇಪಣೆಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ಜಿಲ್ಲಾ ಕೇಂದ್ರವೊಂದರ ಅಂಚಿನ ಬಡಾವಣೆಯಲ್ಲಿ ನಾವು ಮನೆ ಕಟ್ಟಿಕೊಂಡು 12 ವರ್ಷವಾಯಿತು. ಇಲ್ಲಿ ಒಟ್ಟು 180 ಮನೆಗಳಿವೆ. ನಮಗೆ ಅಂಟಿಕೊಂಡೇ ಪೂರ್ವಕ್ಕೆ 22 ಎಕರೆ ಹೊಲವಿದೆ, ಪಕ್ಕದ ಹಳ್ಳಿಯ ಮೂವರು ಅಣ್ಣತಮ್ಮಂದಿರದ್ದು. ಆ ಜಮೀನನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು ಸಲ್ಲಿಸಬಹುದು ಎಂದು ಯೋಜನಾ ಪ್ರಾಧಿಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದೆ. ಕೊನೆಯ ದಿನಕ್ಕೆ ಇನ್ನು 11 ದಿನ ಉಳಿದಿದೆ. ನಮ್ಮ ನಿವಾಸಿಗಳ ಸಂಘ ಎರಡು ಪಾಲಾಗಿದೆ. ಹಸಿರು ಉಳಿಯಬೇಕು, ಏನಾದರೂ ಮಾಡಿ ತಡೆಯೋಣ ಎನ್ನುವವರು ಅರ್ಧ, ರಸ್ತೆ ಬರುತ್ತದೆ, ಸೈಟಿನ ಬೆಲೆ ಏರುತ್ತದೆ, ಬರಲಿ ಬಿಡಿ ಎನ್ನುವವರು ಅರ್ಧ. ಹಳ್ಳಿಯವರನ್ನು ಕೇಳಿದರೆ, 'ನೀವು ಬಂದಾಗ ನಿಮ್ಮ ಮನೆ ಇರೋ ಜಾಗವೂ ಹೊಲಾನೇ ಆಗಿತ್ತಲ್ಲ' ಎನ್ನುತ್ತಾರೆ. ಹೊಲದ ಕೆಳಗಿನ ಅಂಚಿನಲ್ಲಿ ಹಳ್ಳವೊಂದು ಹಾದು, ನಮ್ಮ ಬಡಾವಣೆಯ ಹಿಂದಿನಿಂದ ಕೆರೆಗೆ ಹೋಗುತ್ತದೆ. ಹಳ್ಳಿಯವರು ಸ್ಮಶಾನಕ್ಕೆ ಹೋಗುವ ಕಾಲುದಾರಿಯೂ ಆ ಹೊಲದ ನಡುವೆಯೇ ಇದೆ. ಅಣ್ಣತಮ್ಮಂದಿರಲ್ಲಿ ಕಿರಿಯವರಿಗೆ ಮಾರಲು ಮನಸ್ಸಿಲ್ಲ ಎಂದು ಕೇಳಿದ್ದೇವೆ. ನಾವು ಇದನ್ನು ತಡೆಯಬಹುದೇ? ತಡೆಯುವುದು ಸರಿಯೇ? ಆಕ್ಷೇಪಣೆ ಹೇಗೆ ಬರೆಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಕೊನೆಯ ಮೂರು ಮಾತುಗಳ ಮೇಲೆ: ಹಳ್ಳ, ಸ್ಮಶಾನದ ಕಾಲುದಾರಿ, ಕಿರಿಯ ತಮ್ಮ. ನಿಮ್ಮ ಸಂಘ ಜಗಳವಾಡುತ್ತಿರುವುದು ಹಸಿರು ಬೇಕೋ ಬೆಲೆ ಬೇಕೋ ಎಂಬ ವಿಚಾರಕ್ಕೆ. ಕಡತದಲ್ಲಿ ತೂಕ ಬರುವುದು ಈ ಮೂರಕ್ಕೆ. ನಗರ ಯೋಜನೆಯ ಕೆಲಸದಲ್ಲಿ 31 ವರ್ಷ ಕಳೆದವನು ನಾನು. ಇಂಥ ಆಕ್ಷೇಪಣೆಗಳನ್ನು ಮೇಜಿನ ಆಚೆ ಕುಳಿತು ಓದಿದವನಾಗಿ ಹೇಳುತ್ತಿದ್ದೇನೆ.

ಹಳ್ಳಿಯವರ ಮಾತಿನಿಂದಲೇ ಶುರು ಮಾಡೋಣ, ಏಕೆಂದರೆ ಅದು ನಿಮ್ಮನ್ನು ಚುಚ್ಚಿದೆ ಎಂದು ಕಾಣುತ್ತದೆ. ಅವರ ಮಾತು ನಿಜ. 12 ವರ್ಷದ ಹಿಂದೆ ನಿಮ್ಮ ಬಡಾವಣೆಗೂ ಯಾರೋ ಹೊಲ ಬಿಟ್ಟುಕೊಟ್ಟಿದ್ದರು. ಹಾಗಂತ ನೀವು ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ. ಆದರೆ 'ನಮಗೆ ಮನೆ ಆಯಿತು, ಇನ್ನು ಬೇರೆಯವರಿಗೆ ಬೇಡ' ಎಂಬ ಧ್ವನಿ ನಿಮ್ಮ ಆಕ್ಷೇಪಣೆಯಲ್ಲಿ ಕೇಳಿಸಿದರೆ, ಓದುವ ಅಧಿಕಾರಿ ಅದನ್ನು ಮೊದಲ ಪುಟದಲ್ಲೇ ಪಕ್ಕಕ್ಕಿಡುತ್ತಾರೆ. ನಾನೂ ಇಟ್ಟಿದ್ದೇನೆ. ಊರು ಬೆಳೆಯುತ್ತಿದೆ, ಬಾಡಿಗೆ ಮನೆಯಲ್ಲಿರುವವರಿಗೂ ಒಂದು ಸೈಟು ಬೇಕು. ಆದ್ದರಿಂದ ನೀವು ಕೇಳಬೇಕಾದದ್ದು ಈ 22 ಎಕರೆಯ ನೀರು ಎಲ್ಲಿಗೆ ಹೋಗುತ್ತದೆ, ಜನ ಯಾವ ದಾರಿಯಲ್ಲಿ ಓಡಾಡುತ್ತಾರೆ, ಕೊಳಚೆ ಎಲ್ಲಿ ಸೇರುತ್ತದೆ ಎಂಬುದನ್ನು.

ಈಗ ಕಾನೂನಿನ ವಿಷಯ. ಜನ ಮೂರು ಬೇರೆ ಬೇರೆ ಹಂತಗಳನ್ನು ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುತ್ತಾರೆ. ನೀವು ಪತ್ರಿಕೆಯಲ್ಲಿ ನೋಡಿದ್ದು ಮೊದಲನೆಯದು, ಭೂ ಉಪಯೋಗ ಬದಲಾವಣೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಪ್ರಕರಣದ ಪ್ರಕಾರ ನಡೆಯುವಂಥದ್ದು. ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನಿನಲ್ಲಿ, ಕೃಷಿಯ ಹಸಿರು ಬಣ್ಣದಲ್ಲಿರುವ ಜಮೀನನ್ನು ವಸತಿಯ ಹಳದಿಗೆ ತರುವುದು. ಎರಡನೆಯದು ಭೂ ಪರಿವರ್ತನೆ, ಹಳ್ಳಿಯ ಬಾಯಲ್ಲಿ ಅಲಿನೇಷನ್, ಅಂದರೆ ಕಂದಾಯ ದಾಖಲೆಯಲ್ಲಿ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವುದು. ಇದು ಭೂ ಕಂದಾಯ ಕಾಯ್ದೆ, 1964ರ 95ನೇ ಪ್ರಕರಣದಲ್ಲಿ ಜಿಲ್ಲಾಧಿಕಾರಿ ಕಚೇರಿಯಿಂದ ಆಗುತ್ತದೆ. ಮೂರನೆಯದು ಬಡಾವಣೆಯ ವಿನ್ಯಾಸ ನಕ್ಷೆಯ ಅನುಮೋದನೆ, 1961ರ ಕಾಯ್ದೆಯದೇ 17ನೇ ಪ್ರಕರಣ. ಈ ಮೂರರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿ 'ನಿಮ್ಮ ಆಕ್ಷೇಪಣೆ ಏನು' ಎಂದು ಸಾರ್ವಜನಿಕರನ್ನು ಕಾನೂನೇ ಕೇಳುವುದು ಮೊದಲನೆಯ ಹಂತದಲ್ಲಿ ಮಾತ್ರ. ಅದು ದಾಟಿದ ಮೇಲೆ ನೀವು ಕೊಡುವ ಅರ್ಜಿ ಬರೀ ಮನವಿ. ಈ 11 ದಿನಕ್ಕೆ ಬೆಲೆ ಇರುವುದು ಅದಕ್ಕೇ.

14ಎ ಏನು ಹೇಳುತ್ತದೆ ನೋಡಿ. ಮಹಾಯೋಜನೆಯನ್ನು ಹೀಗೆ ತುಂಡುತುಂಡಾಗಿ ಬದಲಿಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು. ಆ ಕಾಯ್ದೆಗಾಗಲಿ ಭೂಮಿಯ ಬಳಕೆಗೆ ಸಂಬಂಧಿಸಿದ ಬೇರೆ ಕಾನೂನಿಗಾಗಲಿ ವಿರುದ್ಧವಾಗಿರಬಾರದು. ಆ ಪ್ರದೇಶದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಅರ್ಜಿದಾರರಿಗೆ ಲಾಭವೋ ನಷ್ಟವೋ, ನಿಮಗೆ ಇಷ್ಟವೋ ಕಷ್ಟವೋ ಎಂಬ ಪ್ರಶ್ನೆ ಅಲ್ಲಿಲ್ಲ. 'ಸಾರ್ವಜನಿಕ ಹಿತ' ಎಂಬ ಎರಡು ಪದದ ಸುತ್ತ ನಿಮ್ಮ ಇಡೀ ಆಕ್ಷೇಪಣೆ ಕಟ್ಟಬೇಕು.

ನಡೆಯದ ವಾದಗಳನ್ನು ಮೊದಲು ಬಿಟ್ಟುಬಿಡಿ. ಬಾಲ್ಕನಿಯಿಂದ ಕಾಣುವ ಹೊಲ ಮರೆಯಾಗುತ್ತದೆ, ಸೈಟಿನ ಬೆಲೆ ಬೀಳುತ್ತದೆ, ಎಂಥವರು ಬರುತ್ತಾರೋ ಏನೋ, ಇವು ಯಾವುವೂ ನಿಲ್ಲುವುದಿಲ್ಲ. ಕೊನೆಯದನ್ನಂತೂ ಬರೆಯಲೇಬೇಡಿ. ಪರಿಸರ ಅನುಮತಿ ಪಡೆದಿಲ್ಲ ಎಂದು ಬರೆಯುವುದು ಈಚೆಗೆ ರೂಢಿಯಾಗಿದೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಲ್ಲಿ ಬಡಾವಣೆಯಂಥ ಪ್ರದೇಶಾಭಿವೃದ್ಧಿಗೆ ಆ ಅನುಮತಿ ಬೇಕಾಗುವುದು 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ ದಾಟಿದಾಗ. ನಿಮ್ಮ ಪಕ್ಕದ ಜಮೀನು 9 ಹೆಕ್ಟೇರ್ ಕೂಡ ತುಂಬುವುದಿಲ್ಲ. ಒಂದು ತಪ್ಪು ವಾದ ಇಣುಕಿದರೆ ಉಳಿದ ಸರಿಯಾದ ಐದನ್ನೂ ಅದೇ ಕಣ್ಣಿನಿಂದ ಓದುತ್ತಾರೆ.

ಇನ್ನು ಹಳ್ಳ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬಹಳ ವರ್ಷಗಳ ಹಿಂದೆ, ನಾನಿನ್ನೂ ಸಹಾಯಕ ನಿರ್ದೇಶಕನಾಗಿದ್ದಾಗ, ಇಂಥದೇ ಒಂದು ಅರ್ಜಿಗೆ 70 ಆಕ್ಷೇಪಣೆಗಳು ಬಂದಿದ್ದವು. ಎಲ್ಲವೂ ಒಂದೇ ಪತ್ರದ ಜೆರಾಕ್ಸ್, ಕೆಳಗೆ ಸಹಿ ಮಾತ್ರ ಬೇರೆ. ಏಪ್ರಿಲ್ ತಿಂಗಳಲ್ಲಿ ಸ್ಥಳ ತನಿಖೆಗೆ ಹೋದೆವು. ಹಳ್ಳ ಎಂದು ಆಕ್ಷೇಪಣೆಯಲ್ಲಿ ಬರೆದಿದ್ದ ಕಡೆ ಒಣಗಿದ ತಗ್ಗು, ಲಂಟಾನ ಪೊದೆ, ಅಷ್ಟೇ. ನಮ್ಮ ಸರ್ವೇಯರು 'ಸಾರ್, ಇದೊಂದು ಬದು' ಎಂದರು. ವಾಪಸು ಜೀಪು ಹತ್ತುವಾಗ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬರು ನಿಂತು, 'ಮಳೆಗಾಲದಾಗ ಬಂದು ನೋಡ್ರಪ್ಪಾ' ಎಂದರು. ಅಲ್ಲೇ ಇದ್ದ ಪಂಪ್‌ಹೌಸಿನ ಹಿಂಬದಿಗೆ ನಮ್ಮನ್ನು ಕರೆದುಕೊಂಡು ಹೋಗಿ ಗೋಡೆ ತೋರಿಸಿದರು. ನೆಲದಿಂದ ನನ್ನ ಮಂಡಿಯ ಎತ್ತರಕ್ಕೆ ಸುಣ್ಣದ ಮೇಲೆ ಕೆಸರಿನ ಗೆರೆ. ಅದರ ಕೆಳಗೆ ಇನ್ನೆರಡು ಗೆರೆ, ಹಿಂದಿನ ಮಳೆಗಳದ್ದು. ಆ ಗೋಡೆಯ ಫೋಟೊ ಕಡತಕ್ಕೆ ಸೇರಿತು. ವಿನ್ಯಾಸ ನಕ್ಷೆಯಲ್ಲಿ ಆ ಕಡೆಯ ಒಂದು ಸಾಲು ಸೈಟು ಹೋಗಿ ಉದ್ಯಾನದ ಜಾಗ ಅಲ್ಲಿಗೆ ಬಂತು. 70 ಪತ್ರಗಳಿಂದ ಆಗದ ಕೆಲಸ ಆ ಕೆಸರಿನ ಗೆರೆಯಿಂದ ಆಯಿತು.

ನಿಮ್ಮಲ್ಲೂ ಅಂಥ ಗೆರೆ ಎಲ್ಲೋ ಇರುತ್ತದೆ. ನಿಮ್ಮ ಬಡಾವಣೆಯ ಹಿಂದಿನ ಕಾಂಪೌಂಡಿನ ಮೇಲೆಯೇ ಇರಬಹುದು. ಹುಡುಕಿ, ಟೇಪು ಹಿಡಿದು ಅಳೆದು ಫೋಟೊ ತೆಗೆಯಿರಿ. ಕಳೆದ ವರ್ಷಗಳ ಮಳೆಗಾಲದ ಫೋಟೊ, ವಿಡಿಯೊ ಯಾರ ಮೊಬೈಲಿನಲ್ಲಿದೆಯೋ ಕೇಳಿ ತರಿಸಿಕೊಳ್ಳಿ, ತಾರೀಖು ಸಮೇತ.

ಜೊತೆಗೆ ಗ್ರಾಮ ನಕ್ಷೆ ಬೇಕೇಬೇಕು. ಭೂಮಾಪನ ಇಲಾಖೆಯಲ್ಲಿ ಸಿಗುತ್ತದೆ. ಅದರಲ್ಲಿ ಹಳ್ಳ, ಬಂಡಿದಾರಿ, ಕಾಲುದಾರಿ ಎಲ್ಲವನ್ನೂ ಗುರುತು ಮಾಡಿರುತ್ತಾರೆ. ಮೊಬೈಲಿನ ದಿಶಾಂಕ್ ಆ್ಯಪಿನಲ್ಲಿ ನೀವು ನಿಂತಿರುವ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಅದನ್ನು ಇಟ್ಟುಕೊಂಡು ಪಹಣಿ ತೆಗೆಸಿ 'ಖರಾಬು' ಕಾಲಂ ನೋಡಿ. 'ಅ' ಖರಾಬು ಎಂದರೆ ಸಾಗುವಳಿಗೆ ಬಾರದ ಜಮೀನು. 'ಬ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಸಾರ್ವಜನಿಕ ದಾರಿ, ಹಳ್ಳ, ತೊರೆಗಳೆಲ್ಲ ಸರ್ಕಾರದ ಸ್ವತ್ತು ಎಂದು ಭೂ ಕಂದಾಯ ಕಾಯ್ದೆಯ 67ನೇ ಪ್ರಕರಣವೇ ಹೇಳುತ್ತದೆ. ಅಣ್ಣತಮ್ಮಂದಿರ ಪಹಣಿಯಲ್ಲಿ 10 ಗುಂಟೆ 'ಬ' ಖರಾಬು ಇದ್ದರೆ ಆ 10 ಗುಂಟೆ ಮಾರುವುದಕ್ಕೆ ಅವರದ್ದಲ್ಲ, ಡೆವಲಪರು ಸೈಟು ಹಾಕುವುದಕ್ಕೂ ಬರುವುದಿಲ್ಲ. ಅರ್ಜಿಯಲ್ಲಿ ತೋರಿಸಿದ ವಿಸ್ತೀರ್ಣದಲ್ಲಿ ಈ ಖರಾಬನ್ನೂ ಸೇರಿಸಿದ್ದಾರೆಯೇ ಎಂಬುದನ್ನು ನೋಡಿ. ಸೇರಿಸಿದ್ದರೆ ಆಕ್ಷೇಪಣೆಯ ಮೊದಲ ಪ್ಯಾರಾ ಅದೇ ಆಗಲಿ.

ಹಳ್ಳದಿಂದ ಎಷ್ಟು ದೂರ ಬಿಡಬೇಕು ಎಂಬುದು ನಿಮ್ಮ ಊರಿನ ವಲಯ ನಿಯಮಾವಳಿಯಲ್ಲಿ, ಅಂದರೆ ಝೋನಲ್ ರೆಗ್ಯುಲೇಷನ್ಸ್ ಪುಸ್ತಕದಲ್ಲಿ, ಇರುತ್ತದೆ. ಪತ್ರಿಕೆಯಲ್ಲಿ ಓದಿದ ಬೆಂಗಳೂರಿನ ಅಂಕಿಗಳನ್ನು ಹಾಗೇ ಎತ್ತಿ ಬರೆಯಬೇಡಿ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25, 15 ಮೀಟರ್ ಎಂದಿಟ್ಟಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಮಾಡಿತು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದುಮಾಡಿತು. ಇವತ್ತಿಗೂ 75 ಮೀಟರ್ ಎಂದು ಬರೆದ ಆಕ್ಷೇಪಣೆಗಳು ಬರುತ್ತವೆ. ನಿಮ್ಮ ಊರಿನ ಪುಸ್ತಕದಲ್ಲಿ ಇರುವುದನ್ನೇ, ಪುಟ ಸಂಖ್ಯೆ ಸಹಿತ ಬರೆಯಿರಿ.

ನೀರಿನ ಲೆಕ್ಕವನ್ನು ನೀವೇ ಹಾಕಿ ತೋರಿಸಬಹುದು, ಎಂಜಿನಿಯರೇ ಬೇಕೆಂದಿಲ್ಲ. 22 ಎಕರೆ ಎಂದರೆ ಸುಮಾರು 89,000 ಚದರ ಮೀಟರ್. ಒಂದು ಜೋರು ಮಳೆಗೆ 50 ಮಿಲಿಮೀಟರ್ ಬಿತ್ತು ಎಂದಿಟ್ಟುಕೊಳ್ಳಿ. ಆ ಜಾಗದ ಮೇಲೆ ಸುರಿಯುವುದು ಹತ್ತಿರ ಹತ್ತಿರ 44 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರಾದರೆ 740 ಟ್ಯಾಂಕರ್. ಉತ್ತ ಹೊಲ ಇದರಲ್ಲಿ ದೊಡ್ಡ ಪಾಲನ್ನು ಕುಡಿಯುತ್ತದೆ, ಬದುಗಳು ಇನ್ನಷ್ಟನ್ನು ತಡೆದು ನಿಧಾನಕ್ಕೆ ಬಿಡುತ್ತವೆ. ಅದೇ ಜಾಗ ತಾರಸಿ, ಡಾಂಬರು, ಕಾಂಕ್ರೀಟು ಆದರೆ ಬಹುಪಾಲು ನೀರು ಒಂದೇ ಸಲಕ್ಕೆ ಹಳ್ಳಕ್ಕೆ ನುಗ್ಗುತ್ತದೆ. ಹಳ್ಳ ಮೊದಲು ತುಂಬುವುದು ನಿಮ್ಮ ಹಿಂಬದಿಯಲ್ಲಿ. 2022ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರತಂದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ಒಂದೊಂದು ಬಡಾವಣೆಗೂ ಬೇರೆ ಬೇರೆಯಾಗಿ ಅನುಮತಿ ಸಿಗುತ್ತದೆ, ನೀರಿಗೆ ಮಾತ್ರ ಎಲ್ಲ ಒಂದೇ ಇಳಿಜಾರು. ಆದ್ದರಿಂದ 'ಹಳ್ಳ ಉಳಿಸಿ' ಎಂದಷ್ಟೇ ಬರೆದು ನಿಲ್ಲಿಸಬೇಡಿ. ಕೆರೆಯವರೆಗಿನ ಹಳ್ಳದ ಅಗಲ ಎಲ್ಲೆಲ್ಲಿ ಎಷ್ಟಿದೆ, ಯಾವ ಮೋರಿಯ ಬಾಯಿ ಎಷ್ಟು ಅಡಿ ಎಂದು ನಡೆದು ಅಳೆದು ಬರೆಯಿರಿ. ನಾಲ್ಕು ಜನ ಒಂದು ಭಾನುವಾರ ಬೆಳಗ್ಗೆ ಹೊರಟರೆ ಮುಗಿಯುವ ಕೆಲಸ.

ಕುಡಿಯುವ ನೀರು, ಕೊಳಚೆಯದ್ದೂ ಹೀಗೆಯೇ. 22 ಎಕರೆಯಲ್ಲಿ ರಸ್ತೆ, ಉದ್ಯಾನ, ಸಿ.ಎ. ಸೈಟು (ಶಾಲೆಯಂಥ ನಾಗರಿಕ ಸೌಲಭ್ಯಕ್ಕೆ ಬಿಡುವ ಜಾಗ) ಎಲ್ಲ ಕಳೆದು ಸುಮಾರು ಅರ್ಧದಷ್ಟು ಸೈಟಿಗೆ ಸಿಕ್ಕಿತು ಎಂದುಕೊಂಡರೂ 30x40 ಅಡಿಯ ಸೈಟು 400ರ ಆಸುಪಾಸು ಆಗುತ್ತವೆ. ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಒಳಚರಂಡಿ ಇರುವ ಊರುಗಳಿಗೆ ಕೇಂದ್ರ ಸರ್ಕಾರದ ಕೈಪಿಡಿ ಇಟ್ಟಿರುವ ಮಾನದಂಡ. ದಿನಕ್ಕೆ 2 ಲಕ್ಷ 70 ಸಾವಿರ ಲೀಟರ್ ನೀರು, ಅದರಲ್ಲಿ ಶೇ 80 ಕೊಳಚೆಯಾಗಿ ಹೊರಬರುತ್ತದೆ. ನಮ್ಮ ಊರುಗಳಲ್ಲಿ ಒಂದು ಸೈಟಿನಲ್ಲಿ ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆರಡು ಮಹಡಿಯಲ್ಲಿ ಇರುವುದೇ ಹೆಚ್ಚು. ಹಾಗಾಗಿ ಈ ಅಂಕಿ ದುಪ್ಪಟ್ಟು ಆಗುವುದು ದೂರವಿಲ್ಲ. ಈಗ ನಿಮಗೆ ವಾರಕ್ಕೆ ಎಷ್ಟು ದಿನ ನಲ್ಲಿ ನೀರು ಬರುತ್ತದೆ? ಯುಜಿಡಿ, ಅಂದರೆ ಒಳಚರಂಡಿಯ ಪೈಪು ನಿಮ್ಮ ಬಡಾವಣೆಯಲ್ಲಿ ಎಷ್ಟು ಅಗಲದ್ದಿದೆ? ಈ ಬೇಸಿಗೆಯಲ್ಲಿ ಎಷ್ಟು ಬೋರು ಬತ್ತಿದವು? ಉತ್ತರಗಳನ್ನು ಪಟ್ಟಿ ಮಾಡಿ, ಟ್ಯಾಂಕರ್ ನೀರಿನ ರಸೀದಿಗಳಿದ್ದರೆ ಲಗತ್ತಿಸಿ.

ರಸ್ತೆಯ ಬಗ್ಗೆ ಒಂದೇ ಮಾತು. ಹೊಸ ಬಡಾವಣೆಗೆ ಹೋಗುವ ದಾರಿ ಯಾವುದು ಎಂದು ಕೇಳಿ. ನಿಮ್ಮ ಬಡಾವಣೆಯ ರಸ್ತೆಯನ್ನೇ ಆ ಕಡೆಗೆ ಮುಂದುವರಿಸುವ ಉದ್ದೇಶವಿದ್ದರೆ, ಗೇಟು ಹಾಕಿ ತಡೆಯುತ್ತೇವೆ ಎಂಬ ಯೋಚನೆ ಬಿಡಿ. ನಿಮ್ಮ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ರಿಲಿಂಕ್ವಿಷ್‌ಮೆಂಟ್ ಡೀಡ್ ಮಾಡಿ ಬಿಟ್ಟುಕೊಟ್ಟಿದ್ದರೆ ಅವು ಸಾರ್ವಜನಿಕ ರಸ್ತೆಗಳು, ಸಂಘದ್ದಲ್ಲ. ಅಗಲದ ಪ್ರಶ್ನೆ ಮಾತ್ರ ನ್ಯಾಯವಾದದ್ದು. ನಕ್ಷೆಯಲ್ಲಿ ಬರೆದಿರುವ ಅಗಲ ಒಂದು, ಕರೆಂಟು ಕಂಬ, ಮೋರಿ, ಟ್ರಾನ್ಸ್‌ಫಾರ್ಮರ್ ಕಳೆದು ಉಳಿಯುವ ಅಗಲ ಇನ್ನೊಂದು. ಎರಡನ್ನೂ ಬರೆಯಿರಿ.

ಇನ್ನು ನನಗೆ ಇವತ್ತಿಗೂ ನೋವಿರುವ ಒಂದು ವಿಷಯ ಹೇಳಬೇಕು. ನಿಮ್ಮ ಸಂಘದ 'ತಡೆಯೋಣ' ಎನ್ನುವ ಪಾಲು ಇದನ್ನು ಗಮನವಿಟ್ಟು ಓದಲಿ.

ಸೇವೆಯ ನಡುವಿನ ವರ್ಷಗಳಲ್ಲಿ ಒಂದು ಊರಿನಲ್ಲಿ ನಾನು ಇಂಥದೇ ಪ್ರಸ್ತಾವ ತಿರಸ್ಕರಿಸಬೇಕೆಂದು ಬಲವಾಗಿ ಟಿಪ್ಪಣಿ ಬರೆದೆ. ಫಲವತ್ತಾದ ಕಪ್ಪು ಮಣ್ಣಿನ ಭೂಮಿ, ಹಸಿರು ವಲಯ, ಅಕ್ಕಪಕ್ಕದವರ ವಿರೋಧ. ಎಲ್ಲ ಕಾರಣವೂ ಸರಿಯಾಗಿತ್ತು. ಪ್ರಸ್ತಾವ ಬಿದ್ದಿತು. ನಿವಾಸಿಗಳು ಸಿಹಿ ಹಂಚಿದರು. ಮೂರು ವರ್ಷ ಬಿಟ್ಟು ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಹೊಲದಲ್ಲಿ ಕಲ್ಲು ನೆಟ್ಟಿದ್ದರು. ಯಾರ ಅನುಮತಿಯೂ ಇಲ್ಲದೆ, ಒಪ್ಪಂದದ ಮೇಲೆ, ಗುಂಟೆ ಲೆಕ್ಕದಲ್ಲಿ ಮಾರಿದ ರೆವಿನ್ಯೂ ಸೈಟುಗಳು. ರಸ್ತೆ 15 ಅಡಿ. ಉದ್ಯಾನ ಇಲ್ಲ, ಶಾಲೆಗೆ ಜಾಗ ಇಲ್ಲ, ಮೋರಿ ಇಲ್ಲ. ಹಳ್ಳವನ್ನು ಮಣ್ಣು ತುಂಬಿ ಅದರ ಮೇಲೂ ಮೂರು ಸೈಟು. ಕೊಂಡವರೆಲ್ಲ ಗಾರ್ಮೆಂಟ್ಸಿಗೆ ಹೋಗುವವರು, ಆಟೊ ಓಡಿಸುವವರು, ಊರಿನ ಜಮೀನು ಮಾರಿ ಬಂದವರು. ಕಾನೂನು ಪ್ರಕಾರ ಆದ ಬಡಾವಣೆಯಲ್ಲಿ ಸೈಟು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಆ ಹೊಲವನ್ನು ಉಳಿಸಿದೆ ಎಂದು ನಾನು ಅಂದುಕೊಂಡಿದ್ದೆ. ಅದನ್ನು ಉದ್ಯಾನವಿಲ್ಲದ, ಚರಂಡಿಯಿಲ್ಲದ ಊರಾಗಿ ಮಾಡಿದ್ದರಲ್ಲಿ ನನ್ನ ಟಿಪ್ಪಣಿಯದ್ದೂ ಪಾಲಿದೆ.

ಇಂಥ ಬಡಾವಣೆಗಳನ್ನು ಆಮೇಲೆ ಕೆಡವುವುದಿಲ್ಲ. 2025ರ ಫೆಬ್ರುವರಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೂ ಬಿ ಖಾತಾ, ಅಂದರೆ ಆಸ್ತಿ ತೆರಿಗೆಗಾಗಿ ಇಡುವ ಪ್ರತ್ಯೇಕ ದಾಖಲೆ, ಕೊಡುವ ಅಭಿಯಾನವನ್ನೇ ಸರ್ಕಾರ ಶುರು ಮಾಡಿತು. ಅಲ್ಲಿ ಮನೆ ಕಟ್ಟಿಕೊಂಡ ಬಡವರ ಕಡೆಯಿಂದ ನೋಡಿದರೆ ಬೇರೆ ದಾರಿಯೂ ಇರಲಿಲ್ಲ. ಆದರೆ ಖಾತೆ ಬಂದ ಮಾತ್ರಕ್ಕೆ 15 ಅಡಿ ರಸ್ತೆ 30 ಅಡಿ ಆಗುವುದಿಲ್ಲ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಊರಿನ ಅಂಚಿಗೆ ಅಂಟಿಕೊಂಡ, ಮಾಲೀಕರು ಮಾರಲು ಸಿದ್ಧರಿರುವ ಜಮೀನು ಕೃಷಿಯಾಗಿಯೇ ಬಹಳ ಕಾಲ ಉಳಿಯುವುದು ಕಷ್ಟ. ಹಳ್ಳ, ಕೆರೆಗೆ ನೀರು ಹರಿದುಬರುವ ಜಾಗ, 'ಬ' ಖರಾಬು ಇವು ಗಟ್ಟಿ ಕಾರಣಗಳಾಗಿ ಸಿಕ್ಕಿದರೆ ಪೂರ್ತಿ ವಿರೋಧಿಸಿ. ಸಿಗದಿದ್ದರೆ ಷರತ್ತಿನ ಆಕ್ಷೇಪಣೆ ಬರೆಯಿರಿ. ಸಂಘದ ಎರಡು ಪಂಗಡವೂ ಸಹಿ ಹಾಕಬಹುದಾದದ್ದು ಅದೊಂದೇ. ಹಳ್ಳದ ಉದ್ದಕ್ಕೂ ಉದ್ಯಾನ ಬರಲಿ, ನೀರಿಗೆ ಹರಡಿಕೊಳ್ಳಲು ಜಾಗ ಸಿಗುತ್ತದೆ. ಕೊಳಚೆ ಶುದ್ಧೀಕರಣ ಘಟಕ ನಕ್ಷೆಯಲ್ಲೇ ಗುರುತಾಗಲಿ. ಕಾಲುದಾರಿ ಇದ್ದಲ್ಲೇ ಉಳಿದು ರಸ್ತೆಯಾಗಲಿ. ಸಿ.ಎ. ಸೈಟು ಹಳ್ಳಿಯ ಮಕ್ಕಳೂ ನಡೆದು ಬರುವ ಕಡೆ ಇರಲಿ. ಕೆಲಸ ಆದಂತೆ ಹಂತಹಂತವಾಗಿ ಮಾತ್ರ ಸೈಟು ಬಿಡುಗಡೆಯಾಗಲಿ. ಇವನ್ನು ಈಗಲೇ ಬರೆದಿಟ್ಟರೆ ವಿನ್ಯಾಸ ಅನುಮೋದನೆಯ ಹೊತ್ತಿಗೆ 'ಮೊದಲೇ ಹೇಳಿದ್ದೆವು' ಎಂದು ತೋರಿಸಲು ದಾಖಲೆ ಇರುತ್ತದೆ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾಗಲೇಬೇಕು. ಡೆವಲಪರು ಅಲ್ಲಿ ಹಾಕುವ ನಕ್ಷೆಯನ್ನು ಯಾರು ಬೇಕಾದರೂ ನೋಡಿ ತಾಳೆ ಹಾಕಬಹುದು.

ಇನ್ನೂ ಒಂದು ಪ್ರಶ್ನೆ ಕೇಳಿ: ನಿಮ್ಮ ಊರಿನ ಮಹಾಯೋಜನೆ ಯಾವ ವರ್ಷದ್ದು? ಕಾಯ್ದೆಯ 13ಡಿ ಪ್ರಕಾರ ಕನಿಷ್ಠ 10 ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು. ಎಷ್ಟೋ ಕಡೆ ಆಗಿಲ್ಲ. ಬೆಂಗಳೂರಿನಲ್ಲೇ 2031ರ ಕರಡು 2017ರಲ್ಲಿ ಹೊರಬಂದು ಮುಂದೆ ವಾಪಸಾಯಿತು. ನಿಮ್ಮಲ್ಲಿ ಪರಿಷ್ಕರಣೆ ನಡೆಯುತ್ತಿದ್ದರೆ, 22 ಎಕರೆಗೆ ಪ್ರತ್ಯೇಕ ತೀರ್ಮಾನ ಬೇಡ, ಆ ಭಾಗದ ರಸ್ತೆ, ನೀರು, ಹಳ್ಳ ಎಲ್ಲವನ್ನೂ ಒಟ್ಟಿಗೆ ನೋಡಿ ನಿರ್ಧರಿಸಿ ಎಂದು ಕೇಳುವುದು ಬಹಳ ಗಟ್ಟಿಯಾದ ವಾದ.

ಪ್ರಾಧಿಕಾರ ನಿಮ್ಮ ಮಾತು ಕೇಳದೇ ಹೋದರೆ ಏನು ಎಂಬ ಅಳುಕು ಬೇಡ. ಅಕ್ಕಪಕ್ಕದ ನಿವಾಸಿಗಳಿಗೆ ಇಂಥ ವಿಷಯದಲ್ಲಿ ನ್ಯಾಯಾಲಯಕ್ಕೆ ಹೋಗುವ ಹಕ್ಕಿದೆ ಎಂಬುದನ್ನು ನಮ್ಮ ಬೆಂಗಳೂರಿನದ್ದೇ ಪ್ರಕರಣ ತೀರ್ಮಾನ ಮಾಡಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದಾಗ ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು, ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಹೆಸರಿನ ಆ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಆದರೆ ನ್ಯಾಯಾಲಯ ಮೊದಲು ಕೇಳುವುದು, ಕೊಟ್ಟ ಅವಧಿಯಲ್ಲಿ ಆಕ್ಷೇಪಣೆ ಹಾಕಿದ್ದಿರಾ ಎಂದು. ಅದಕ್ಕೇ ಪ್ರತಿ ಪುಟಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ವಿಚಾರಣೆಗೆ ಕರೆಯಬೇಕು ಎಂದು ಕೊನೆಯಲ್ಲಿ ಲಿಖಿತವಾಗಿ ಕೋರಿ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬರಲು 30 ದಿನ ಹಿಡಿಯುತ್ತದೆ, ಅದನ್ನು ಕಾಯುತ್ತ ಕೂರಬೇಡಿ. ಪ್ರಾಧಿಕಾರದ ಕಚೇರಿಗೇ ಹೋಗಿ ಪ್ರಸ್ತಾವದ ನಕ್ಷೆ ನೋಡಲು ಕೇಳಿ. ಜೆರಾಕ್ಸ್ ಪತ್ರಕ್ಕೆ 180 ಸಹಿ ಹಾಕಿಸುವ ಬದಲು ಸಂಘದ ಹೆಸರಲ್ಲಿ ಒಂದೇ ಆಕ್ಷೇಪಣೆ, ಅದರ ಜೊತೆ ಹಳ್ಳದ ಬದಿಯ ಮನೆಯವರು ತಮ್ಮ ಮನೆಯ ಮಟ್ಟಿಗೆ ಬರೆದ ನಾಲ್ಕೈದು ಪತ್ರ, ಇಷ್ಟು ಸಾಕು.

ಹಳ್ಳಿಯವರೂ ಸ್ಮಶಾನದ ದಾರಿಯ ಬಗ್ಗೆ ತಮ್ಮದೇ ಆಕ್ಷೇಪಣೆ ಹಾಕುವಂತೆ ಕೇಳಿ. ನೀವು ಅವರ ಪರವಾಗಿ ಬರೆಯುವುದಕ್ಕಿಂತ ಅವರೇ ಬರೆದರೆ ಬಲ ಹೆಚ್ಚು. ಹೆಣ ಹೊತ್ತು ಹೋಗುವ ದಾರಿಗೆ ಬೇಲಿ ಬಿದ್ದ ಮೇಲೆ ಊರುಗಳಲ್ಲಿ ಎಂಥ ಜಗಳ ಆಗುತ್ತದೆ ಎಂದು ನಾನು ನೋಡಿದ್ದೇನೆ.

ಕಿರಿಯ ತಮ್ಮನ ವಿಷಯವನ್ನು ಬೇಕೆಂದೇ ಕೊನೆಗಿಟ್ಟೆ. ದಯವಿಟ್ಟು ಅವರ ಹೆಸರನ್ನು ನಿಮ್ಮ ಆಕ್ಷೇಪಣೆಯಲ್ಲಿ ತರಬೇಡಿ. ಮನೆಯೊಳಗಿನ ಭಾಗದ ವಿಚಾರ ಅದು. ಹೊರಗಿನವರು ಅದನ್ನು ಅಸ್ತ್ರ ಮಾಡಿಕೊಂಡರೆ ಆ ಮನೆ ಒಡೆಯುತ್ತದೆ, ನಿಮಗೂ ಲಾಭವಿಲ್ಲ. ಜಮೀನು ಇನ್ನೂ ಜಂಟಿ ಖಾತೆಯಲ್ಲಿದ್ದು ಅವರು ಸಹಿ ಹಾಕಿಲ್ಲದಿದ್ದರೆ ಪ್ರಾಧಿಕಾರದ ಮುಂದೆ ಅದನ್ನು ಹೇಳಬೇಕಾದವರು ಅವರೇ. ಆ ಭೂಮಿ ಹಿಂದೆ ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದೇ ಎಂಬುದನ್ನೂ ಅವರು ನೋಡಿಕೊಳ್ಳಲಿ. ಹಾಗಿದ್ದರೆ ಅಂಥ ಜಮೀನು ಕೈಬದಲಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ, ಸರ್ಕಾರದ ಅನುಮತಿಯಿಲ್ಲದೆ ಮಾರಲು ಆಗುವುದಿಲ್ಲ. ನೀವು ಮಾಡಬಹುದಾದದ್ದು ಒಂದಿದೆ. ಸಂಘದ ಹಿರಿಯರಿಬ್ಬರು ಆಕ್ಷೇಪಣೆ ಸಲ್ಲಿಸುವ ಮೊದಲು ಅಣ್ಣತಮ್ಮಂದಿರ ಮನೆಗೆ ಹೋಗಿ, ಮೂವರನ್ನೂ ಕೂರಿಸಿಕೊಂಡು, 'ನಿಮ್ಮ ಹೊಟ್ಟೆ ಮೇಲೆ ಹೊಡೆಯುವುದು ನಮ್ಮ ಉದ್ದೇಶವಲ್ಲ, ಹಳ್ಳ ಮತ್ತು ದಾರಿಯ ಬಗ್ಗೆ ಹೀಗೆ ಬರೆಯುತ್ತಿದ್ದೇವೆ' ಎಂದು ಪತ್ರವನ್ನು ಓದಿ ಹೇಳಿ ಬನ್ನಿ. ಮಳೆಗೆ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದು ಅಲ್ಲಿ ಉಳುವ ಕಿರಿಯರಿಗೆ ಗೊತ್ತಿರುವಷ್ಟು ನಿಮ್ಮಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮನಸ್ಸು ಬಂದರೆ ಅವರೇ ನಿಮ್ಮ ಜೊತೆ ಹಳ್ಳದ ಗುಂಟ ನಡೆದಾರು. ಗ್ರಾಮ ನಕ್ಷೆಯ ಪ್ರತಿ ಸಿಕ್ಕಿದ ಕೂಡಲೇ ನನಗೂ ಒಂದು ಫೋಟೊ ಕಳಿಸಿ, ಹಳ್ಳದ ಗೆರೆ ಎಲ್ಲಿ ತಿರುಗುತ್ತದೆ ಎಂದು ನೋಡಿ ಹೇಳುತ್ತೇನೆ.